ಬೋಳು ಪುಟದ ಸಾಕ್ಷಿ

"ಪುಟ ಬೋಳಾಗಿತ್ತು ಅಂತ ಇನ್ನೆಷ್ಟು ಸಲ ಹೇಳ್ಲಿ?" ಎಂದು ಲಾಲ್ಲಾ ಬಹಿಯಾ ಮದುವೆಯ ಬಕ್ಲಾವಾ ಮಿಠಾಯಿ ಕತ್ತರಿಸುತ್ತಿದ್ದ ಚಾಕುವನ್ನು ತಟ್ಟೆಯ ನಡುವೆ ಹಾಗೇ ನಿಲ್ಲಿಸಿದರು. "ಹೂವಿಲ್ಲ, ಬಣ್ಣ ಇಲ್ಲ, ಚೌಕಾನೂ ಇಲ್ಲ. ಪುಕ್ಕ ಕಿತ್ತ ಕೋಳಿ ಥರ ಇತ್ತು. ಆದ್ರೆ ಅಕ್ಷರ ಇತ್ತಲ್ಲ? ಜುಲೈ ಒಂಬತ್ತು, ಬೂಶಮಾ ಮನೆ ಮದುವೆ. ಕಣ್ಣಾರೆ ಓದಿದೀನಿ ನಾನು."

ಅಂಗಳದಲ್ಲಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಹನ್ನೆರಡು ಮಂದಿ, ಮೂರು ದೊಡ್ಡ ತಾಮ್ರದ ತಟ್ಟೆ, ಮೊಣಕೈವರೆಗೆ ತುಪ್ಪ. ಕಾಫಿಗೆ ಹಾಕಿದ ಕಿತ್ತಳೆ ಹೂವಿನ ನೀರಿನ ಪರಿಮಳ ಮನೆಯ ಮೂಲೆಮೂಲೆಗೂ ಹಬ್ಬಿತ್ತು. ಮದುವೆ ನಡೆಯುವುದೇ ಅನುಮಾನವಾಗಿದ್ದರೂ ಬಕ್ಲಾವಾದ ಕೆಲಸವನ್ನು ಒಬ್ಬರೂ ನಿಲ್ಲಿಸಿರಲಿಲ್ಲ. ಕ್ಸಂತೀನಾ ಊರಿನ ಹೆಂಗಸರು ಹಾಗೆಯೇ. ಆಕಾಶ ಬಿದ್ದರೂ ಮೊದಲು ತಟ್ಟೆಯನ್ನು ಒಲೆಗೆ ಕಳಿಸಿ ಆಮೇಲೆ ತಲೆ ಎತ್ತಿ ನೋಡುತ್ತಾರೆ.

ಝುಲಿಖಾ ಮಾತ್ರ ನಗಲಿಲ್ಲ.

ಅವಳಿಗೆ ನಲವತ್ತೊಂಬತ್ತು ವರ್ಷ. ಇಪ್ಪತ್ತು ವರ್ಷ ಟೆಲಿಫೋನ್ ತಂತಿಗಳಲ್ಲಿ ದೋಷ ಹುಡುಕಿದವಳು. ಈಗ ತಾಮ್ರ ಬಡಿಯುವವರ ಬೀದಿಯಲ್ಲಿ ಒಂದು ಪುಟ್ಟ ಮಳಿಗೆ ಹಿಡಿದು ವೆಬ್‌ಸೈಟುಗಳ ದೋಷ ಹುಡುಕುತ್ತಿದ್ದಳು. ಶನಿವಾರದ ಸಂಜೆ ಅಲ್ಲೇ ಹೆಣ್ಣುಮಕ್ಕಳಿಗೆ ಪಾಠ. ದೋಷದ ಹಿಂದೆ ಮನುಷ್ಯರಿದ್ದಾರೆ ಎನಿಸಿದರೆ ತಂತಿಯನ್ನು ಬಿಟ್ಟು ಮನುಷ್ಯರ ಬೆನ್ನು ಹತ್ತುವುದು ಅವಳ ಚಾಳಿ. ಆ ಚಾಳಿ ಊರಿಗೆಲ್ಲ ಗೊತ್ತಿದ್ದದ್ದರಿಂದಲೇ ಲಾಲ್ಲಾ ಬಹಿಯಾ ಅವಳನ್ನು ಕರೆಸಿದ್ದರು.

ಎಂಟು ದಿನದಿಂದ ಅವಳ ತಲೆ ತಿನ್ನುತ್ತಿದ್ದ ಸಂಗತಿ ಇಷ್ಟು: ಲಾಲ್ಲಾ ಬಹಿಯಾರ ಮೊಮ್ಮಗಳು ಫೆಲ್ಲಾಳ ಮದುವೆಗೆಂದು ಹಿಡಿದಿಟ್ಟಿದ್ದ ಜುಲೈ ಒಂಬತ್ತು, ಮದುವೆ ಮಂಟಪದ ವೆಬ್‌ಸೈಟಿನಲ್ಲಿ ಇದ್ದಕ್ಕಿದ್ದಂತೆ ಝೆರ್ಗೀನ್ ಮನೆತನದ ಹೆಸರಿಗೆ ಹೋಗಿ, ಫೆಲ್ಲಾಳ ಮನೆತನ ಬೂಶಮಾದ ಹೆಸರು ಅಕ್ಟೋಬರ್ ಒಂಬತ್ತಕ್ಕೆ ಬಂದು ಕುಳಿತಿತ್ತು.

ಅಕ್ಟೋಬರ್ ಎಂದರೆ ಮದುಮಗನಿಲ್ಲದ ಮದುವೆ. ಮದುಮಗ ಲುತ್ಫಿ ಸಹಾರಾದ ಅನಿಲ ಬಾವಿಯಲ್ಲಿ ಕೆಲಸ ಮಾಡುವವನು. ಅವನಿಗೆ ಉದ್ದನೆಯ ರಜೆ ಸಿಗುವುದು ಜುಲೈ ತಿಂಗಳಲ್ಲಿ ಮಾತ್ರ. ಅದು ತಪ್ಪಿದರೆ ಮುಂದಿನ ಬೇಸಗೆ. ಊರಿನ ಬೇರೆ ಮಂಟಪಗಳೆಲ್ಲ ಎಂದೋ ತುಂಬಿಹೋಗಿದ್ದವು.

"ಯಾವತ್ತು ನೋಡಿದ್ರಿ, ಲಾಲ್ಲಾ?" ಎಂದು ಝುಲಿಖಾ ಕೇಳಿದಳು.

ಪರೀಕ್ಷೆಯ ಎರಡನೆಯ ದಿನ ಎಂದರು ಮುದುಕಿ. ಬೆಳಗ್ಗೆ ಒಂಬತ್ತೂವರೆ. ರೊಟ್ಟಿ ಮಾರುವವನು ಅದೇ ತಾನೇ ಹೋಗಿದ್ದ.

ಫೆಲ್ಲಾಳ ತಾಯಿ ಹೂರಿಯಾ ಹಣೆಗೆ ಅಂಟಿದ್ದ ಹಿಟ್ಟನ್ನು ಒರೆಸಿಕೊಳ್ಳುತ್ತ ಅತ್ತೆಯ ಮಾತಿಗೆ ಅಡ್ಡ ಬಂದಳು. ಶಾಲೆ ಮುಗಿಸಿ ಕಾಲೇಜಿಗೆ ಹೋಗುವವರ ಬಕಲೋರಿಯಾ ಪರೀಕ್ಷೆ ನಡೆಯುವ ಹೊತ್ತಿನಲ್ಲಿ ನಕಲು ಹೊಡೆಯಬಾರದು ಎಂದು ಇಡೀ ದೇಶದ ಇಂಟರ್‌ನೆಟ್ಟೇ ನಿಂತಿರುತ್ತದಲ್ಲ, ಪ್ರತಿ ಜೂನ್‌ನಲ್ಲೂ ಇದೇ ಗೋಳಲ್ಲವೇ, ಒಂಬತ್ತೂವರೆಗೆ ಯಾವ ಪುಟ ತಾನೇ ಬರಲು ಸಾಧ್ಯ ಎಂದಳು. ಅತ್ತೆ ಕನಸು ಕಂಡಿರಬೇಕು. ಎಂಬತ್ತೊಂದು ವರ್ಷವಾಯಿತು, ಪಾಪ.

"ಕನಸಲ್ಲಿ ಕನ್ನಡಕ ಹಾಕ್ಕೊಂಡಿರ್ತಾರೇನೆ?" ಎಂದರು ಲಾಲ್ಲಾ ಬಹಿಯಾ. "ನಾನು ಹಾಕ್ಕೊಂಡಿದ್ದೆ."

ಮತ್ತೆ ನಗು. ಝುಲಿಖಾ ಮಾತ್ರ ಮುದುಕಿಯ ಹತ್ತಿರಕ್ಕೆ ಸರಿದು ಕುಳಿತಳು.

ಯಾರ ಫೋನಿನಲ್ಲಿ ನೋಡಿದಿರಿ ಎಂದು ಕೇಳಿದಳು. ಫೆಲ್ಲಾಳದು. ಗಂಡಿನ ಕಡೆಯವರು ಹಬ್ಬಕ್ಕೆ ಕೊಟ್ಟ ಹೊಸ ಫೋನು. ಹುಡುಗಿ ಅದನ್ನು ಮನೆಯಲ್ಲೇ ಬಿಟ್ಟು, ಜರಿ ಕಸೂತಿಯ ಮಖಮಲ್ ಉಡುಪಿನ ಅಳತೆಗೆಂದು ದರ್ಜಿಯ ಮನೆಗೆ ಹೋಗಿದ್ದಳು. ಇವತ್ತೂ ಅಲ್ಲಿಗೇ ಹೋಗಿದ್ದಾಳೆ. ಆ ದರ್ಜಿ ಉಡುಪು ಹೊಲಿಯುತ್ತಿದ್ದಾಳೋ ಗೋಪುರ ಕಟ್ಟುತ್ತಿದ್ದಾಳೋ ಎಂದು ಒಬ್ಬಳು ಗೊಣಗಿದಳು.

"ಆ ಫೋನಲ್ಲಿ ಅದಕ್ಕೆ ಮುಂಚೆ ಯಾರಾದ್ರೂ ಮಂಟಪದ ಪುಟ ತೆಗೆದಿದ್ರಾ?"

"ಪೆಟ್ಟಿಗೆಯಿಂದ ತೆಗೆದು ಒಂದು ದಿನ ಆಗಿತ್ತು, ಬೆಂತಿ, ನನ್ನ ಮಗಳೇ. ಅದರ ಮೈಮೇಲೆ ಪ್ಲಾಸ್ಟಿಕ್ ಇನ್ನೂ ಹಾಗೇ ಇತ್ತು."

ಝುಲಿಖಾ ಎದ್ದು ನಿಂತಳು. ಅವಳಿಗೆ ಒಮ್ಮೆಲೇ ನಗಬೇಕೆನಿಸಿತು, ತನ್ನ ತಲೆಗೆ ತಾನೇ ಒಂದು ಮೊಟಕಬೇಕೆಂದೂ ಅನಿಸಿತು. ಪಟ್ಟಿಯನ್ನು ತಿದ್ದಿದವರು ಯಾರು ಎಂದು ಎಂಟು ದಿನ ಊರೆಲ್ಲ ತಿರುಗಿದ್ದಳು. ಝೆರ್ಗೀನ್ ಮನೆಯವರನ್ನು ಶಂಕಿಸಿ ಅವರ ಓಣಿಯಲ್ಲಿ ಎರಡು ಸಂಜೆ ಕಡಲೆಕಾಯಿ ತಿನ್ನುತ್ತ ನಿಂತಿದ್ದಳು. ಪಟ್ಟಿಯನ್ನು ಯಾರೂ ಮುಟ್ಟಿಯೇ ಇರಲಿಲ್ಲ. ಮುದುಕಿಯ ಕಣ್ಣು ಇಡೀ ಊರಿನ ಕಣ್ಣಿಗಿಂತ ಚೆನ್ನಾಗಿತ್ತು.

ಗೋಡೆಯ ಗಡಿಯಾರ ಹನ್ನೆರಡು ದಾಟಿತ್ತು. ಪರೀಕ್ಷೆಯ ಮಧ್ಯಾಹ್ನದ ಪತ್ರಿಕೆ ಮೂರಕ್ಕೆ ಶುರು, ಈ ವರ್ಷದ ಕೊನೆಯ ಪತ್ರಿಕೆ ಅದು. ಮೂರರಿಂದ ನಾಲ್ಕೂವರೆ. ಈ ಒಂದೂವರೆ ಗಂಟೆ ಕೈತಪ್ಪಿದರೆ ಇಂಥ ಸಾಕ್ಷಿ ಮತ್ತೆ ಸಿಗುವುದು ಮುಂದಿನ ಜೂನ್‌ಗೆ. ಬೇರೆ ದಿನವಾದರೆ ನೆಟ್‌ನ ಹೊರದೇಶದ ದಾರಿಯನ್ನು ತಾನೇ ಮುಚ್ಚಿ ತೋರಿಸಬಹುದಿತ್ತು. ಆದರೆ ಅದನ್ನು ಮಂಟಪದ ಯಜಮಾನ ಅವಳ ಕೈಚಳಕ ಎಂದು ತಳ್ಳಿಹಾಕುತ್ತಿದ್ದ. ಪರೀಕ್ಷೆಗಾಗಿ ನೆಟ್ ನಿಲ್ಲುವುದನ್ನು ಮಾತ್ರ ಯಾರೂ ಕೈಚಳಕ ಎನ್ನುವಂತಿರಲಿಲ್ಲ.

ಬಾಗಿಲವರೆಗೆ ಬಂದ ಲಾಲ್ಲಾ ಬಹಿಯಾ ಅವಳ ಕೈಗೆ ಒಂದು ಪೊಟ್ಟಣ ಬಕ್ಲಾವಾ ತುರುಕಿದರು. ಏನೋ ಹೇಳಲು ಬಾಯಿ ತೆರೆದವರು ಸುಮ್ಮನಾದರು.

*

ಮಂಟಪದ ಯಜಮಾನ ಸಿ ತಾಯೆಬ್ ಮೀಸೆಯ ಮನುಷ್ಯ. ಬೇಸಗೆಯಲ್ಲಿ ವಾರಕ್ಕೆ ಏಳು ಮದುವೆ ನೋಡಿ ನೋಡಿ ಅವನಿಗೆ ಸಂತೋಷವೆಂದರೆ ಕುರ್ಚಿ ಎಣಿಸುವುದು ಎನ್ನುವಂತಾಗಿತ್ತು. ದಪ್ಪ ರಟ್ಟಿನ ರಿಜಿಸ್ಟರನ್ನು ಮೂರು ವರ್ಷದ ಹಿಂದೆಯೇ ಕಡಲೆಕಾಯಿ ಮಾರುವವನಿಗೆ ಪೊಟ್ಟಣ ಕಟ್ಟಲು ಕೊಟ್ಟುಬಿಟ್ಟಿದ್ದ. ಅಂದಿನಿಂದ ವೆಬ್‌ಸೈಟಿನ ಪುಟ ಹೇಳಿದ್ದೇ ಅವನಿಗೆ ಸತ್ಯ, ಊರಿಗೂ ಅದೇ ಸತ್ಯ. ಬರುವ ಬೇಸಗೆಯಲ್ಲಿ ಯಾರ ಮನೆಯ ಮದುವೆ ಯಾವತ್ತು ಎಂದು ನೋಡಲು ಊರಿನ ಹೆಂಗಸರು ದಿನಕ್ಕೊಂದು ಸಲ ಆ ಪುಟವನ್ನು ತೆರೆಯುತ್ತಿದ್ದರು.

ಆ ಪುಟ ಕಟ್ಟಿದವನು ಶೌಕಿ. ಮೂವತ್ತು ವರ್ಷದ ಚುರುಕು ಹುಡುಗ. ತಲೆಕೂದಲಿಗೆ ಹಚ್ಚುವ ಎಣ್ಣೆಯಷ್ಟೇ ಧಾರಾಳವಾಗಿ ತನ್ನ ಜಾಣತನವನ್ನೂ ಹಚ್ಚಿಕೊಂಡವನು. ಝುಲಿಖಾ ಕರೆದಳೆಂದು ಬಂದಿದ್ದ. ಬಂದದ್ದು ತನ್ನ ತಪ್ಪಿಲ್ಲ ಎಂದು ತೋರಿಸಲು.

ಮೂರಕ್ಕೆ ಐದು ನಿಮಿಷವಿತ್ತು. ಝುಲಿಖಾ ಆಫೀಸಿನ ಕಂಪ್ಯೂಟರಿನಲ್ಲಿ ಪುಟವನ್ನು ತೆರೆಸಿದಳು. ಮಲ್ಲಿಗೆ ಬಳ್ಳಿಯ ಅಂಚು, ನೀಲಿ ಚೌಕಗಳು, ಬಲದಿಂದ ಎಡಕ್ಕೆ ಸಾಲಾಗಿ ನಿಂತ ಅರಬ್ಬಿ ತಾರೀಖುಗಳು. ಜುಲೈ ಒಂಬತ್ತರ ಚೌಕದಲ್ಲಿ ಝೆರ್ಗೀನ್. ನೋಡಿ, ಎಂದು ಸಿ ತಾಯೆಬ್ ಬೆರಳು ಇಟ್ಟು ತೋರಿಸಿದ. ತನಗೇನೂ ಮುದುಕಿಯ ಮೇಲೆ ದ್ವೇಷವಿಲ್ಲ, ಆದರೆ ಕಂಪ್ಯೂಟರಿಗೂ ಬೂಶಮಾ ಮನೆಗೂ ಯಾವ ಹಗೆತನವೂ ಇಲ್ಲವಲ್ಲ ಎಂದ.

ಮೂರು ಹೊಡೆಯಿತು. ಬೀದಿಯಲ್ಲಿ ಕಾಫಿ ಅಂಗಡಿಯ ಮುಂದೆ ಕುಳಿತವರ ಫೋನುಗಳೆಲ್ಲ ಒಟ್ಟಿಗೆ ಮೂಕವಾದವು. ಯಾರೋ ವಾಡಿಕೆಯಂತೆ ಒಂದು ಬೈಗುಳ ಎಸೆದರು. ಝುಲಿಖಾ ಕಂಪ್ಯೂಟರಿನ ನೆನಪಿನಲ್ಲಿ ಉಳಿದಿದ್ದ ಹಳೆಯ ಪ್ರತಿಗಳ ಕೋಡನ್ನು ಒಮ್ಮೆ ಓದಿಕೊಂಡು, ಆಮೇಲೆ ಅವನ್ನೆಲ್ಲ ಒರೆಸಿ, ಮತ್ತೆ ಅದೇ ಪುಟವನ್ನು ಕೇಳಿದಳು.

ಬರುವುದಿಲ್ಲ ಎಂದು ಸಿ ತಾಯೆಬ್ ಹೇಳಿ ಮುಗಿಸುವ ಮೊದಲೇ ಪುಟ ಬಂತು.

ಬಳ್ಳಿ ಇರಲಿಲ್ಲ. ನೀಲಿ ಇರಲಿಲ್ಲ. ಚೌಕಗಳು ಇರಲಿಲ್ಲ. ಬಿಳಿಯ ಮೇಲೆ ಕಪ್ಪಗೆ ಒಂದರ ಕೆಳಗೊಂದು ಸಾಲು, ಅಂಗಡಿಗೆ ಕಳಿಸುವ ಚೀಟಿಯ ಹಾಗೆ. ಆ ಸಾಲುಗಳ ನಡುವೆ: ಜುಲೈ ಒಂಬತ್ತು, ಬೂಶಮಾ. ಇನ್ನೂ ಕೆಳಗೆ: ಅಕ್ಟೋಬರ್ ಒಂಬತ್ತು, ಝೆರ್ಗೀನ್.

ಸಿ ತಾಯೆಬ್ ಕುರ್ಚಿಯಲ್ಲಿ ಕುಳಿತ. ಮೊದಲು ಪರದೆಯನ್ನೂ ಆಮೇಲೆ ಶೌಕಿಯನ್ನೂ ನೋಡಿದ.

"ಇದೇನು ಖಾಲ್ತಿ," ಎಂದ ಶೌಕಿ, ಊರಿನ ಹುಡುಗರೆಲ್ಲ ಕರೆಯುವಂತೆ ಅವಳನ್ನು ಚಿಕ್ಕಮ್ಮ ಎಂದು ಕರೆದು, ಒಣಗಿದ ದನಿಯಲ್ಲಿ, "ನನ್ನ ಪುಟಾನ ಬೀದೀಲಿ ಬಟ್ಟೆ ಬಿಚ್ಚಿ ನಿಲ್ಲಿಸಿದೀರಲ್ಲ."

"ಬಟ್ಟೆ ಅದರದ್ದಲ್ಲ ಶೌಕಿ. ಎರವಲು ತಂದದ್ದು. ಕೊಡೋರು ಈಗ ಬಾಗಿಲು ಹಾಕಿದಾರೆ, ಅಷ್ಟೆ."

ಅವಳು ಸಿ ತಾಯೆಬ್‌ಗೆ ಬಿಡಿಸಿ ಹೇಳಿದಳು. ಪರೀಕ್ಷೆಯ ಹೊತ್ತಿನಲ್ಲಿ ನಿಲ್ಲುವುದು ಹೊರದೇಶದ ದಾರಿ. ಮಂಟಪದ ಪುಟ ಇರುವ ಸರ್ವರ್ ಇದೇ ಊರಿನಲ್ಲಿದೆ, ಆದ್ದರಿಂದ ಪಟ್ಟಿ ಬರುತ್ತದೆ. ಆದರೆ ಆ ಪಟ್ಟಿಯನ್ನು ಚೌಕದಲ್ಲಿ ಕೂರಿಸಿ, ಹೂವು ಮುಡಿಸಿ, ಅರಬ್ಬಿ ಕ್ಯಾಲೆಂಡರ್ ಮಾಡಿ ತೋರಿಸುವ ಕೋಡ್ ಶೌಕಿಯದಲ್ಲ. ಅದೊಂದು ಕೋಡ್ ಲೈಬ್ರರಿ, ಯಾರೋ ಬರೆದದ್ದು, ಬೇಕಾದವರೆಲ್ಲ ಬಳಸಿಕೊಳ್ಳುವಂಥದು. ಅದನ್ನು ತಂದು ತನ್ನ ಸರ್ವರಿನಲ್ಲಿ ಇಟ್ಟುಕೊಳ್ಳುವ ಬದಲು ಶೌಕಿ ಹೊರಗಿನ ಒಂದು ವಿಳಾಸಕ್ಕೆ ಕೈ ತೋರಿಸಿ ಬಿಟ್ಟಿದ್ದಾನೆ. ಪುಟ ತೆರೆದಾಗಲೆಲ್ಲ ಆ ವಿಳಾಸದವರು ಏನು ಕೊಡುತ್ತಾರೋ ಅದನ್ನೇ ಪುಟ ತೊಟ್ಟುಕೊಳ್ಳುತ್ತದೆ. ಒಮ್ಮೆ ಪುಟ ತೆರೆದ ಫೋನಿನಲ್ಲಿ ಆ ಬಟ್ಟೆಯ ಪ್ರತಿ ಉಳಿದಿರುತ್ತದೆ; ಮುದುಕಿ ನೋಡಿದ್ದು ಹೊಚ್ಚ ಹೊಸ ಫೋನಿನಲ್ಲಿ, ಅದಕ್ಕೇ ಬೋಳು ಪುಟ ಕಂಡಿತು.

"ಪ್ರತಿ ಶುಕ್ರವಾರ ಕುಸ್‌ಕುಸ್‌ಗೆ ಪಕ್ಕದ ಮನೆ ಜರಡಿ ತಂದ ಹಾಗೆ," ಎಂದಳು. "ಜರಡಿ ಕೊಡೋರು ಒಳ್ಳೆಯವರಾಗಿರೋ ತನಕ ಅಡುಗೆ ಚೆನ್ನಾಗೇ ಇರತ್ತೆ, ಸಿ ತಾಯೆಬ್."

ಶೌಕಿಗೆ ರೇಗಿತು. ಲೋಕವೆಲ್ಲ ಮಾಡುವುದು ಹೀಗೇ ಎಂದ. ಹೊರಗಿನ ಸರ್ವರಿನಿಂದ ತಂದರೆ ಪುಟ ಬೇಗ ತೆರೆಯುತ್ತದೆ, ತಮ್ಮ ಯಂತ್ರಕ್ಕೆ ಹೊರೆ ಕಡಿಮೆ, ಲೈಬ್ರರಿಯನ್ನು ಹೊಸದು ಮಾಡುವ ತಲೆನೋವು ಅವರದು. ದೊಡ್ಡ ದೊಡ್ಡ ಕಂಪನಿಗಳೇ ಹಾಗೆ ಮಾಡುತ್ತಿರುವಾಗ ಕ್ಸಂತೀನಾದ ಒಂದು ಮದುವೆ ಮಂಟಪಕ್ಕೆ ಏನು ಧಾಡಿ?

"ದೊಡ್ಡೋರು ದೊಡ್ಡೋರ ಹತ್ರ ತರ್ತಾರೆ. ನೀನು ಯಾರ ಹತ್ರ ತಂದೆ?"

ದೊಡ್ಡವರ ಬಳಿ ಅರಬ್ಬಿ ಕ್ಯಾಲೆಂಡರ್ ಸಿಗಲಿಲ್ಲ ಎಂದು ಅವನು ಒಪ್ಪಿಕೊಂಡ. ಯಾವುದೋ ದೂರದೇಶದ ಒಬ್ಬ ಪುಣ್ಯಾತ್ಮ ತನ್ನ ಖುಷಿಗಾಗಿ ಬರೆದು ತನ್ನದೇ ವಿಳಾಸದಲ್ಲಿ ಇಟ್ಟಿದ್ದ. ನಾಲ್ಕು ವರ್ಷದ ಹಿಂದೆ ಅದನ್ನು ಹುಡುಕಿ ಜೋಡಿಸಿದ್ದ. ಚೆನ್ನಾಗಿ ನಡೆಯುತ್ತಿತ್ತು.

"ಆಮೇಲೆ ಒಂದು ಸಲನಾದ್ರೂ ಹೋಗಿ ನೋಡಿದ್ಯಾ? ಆ ಪುಣ್ಯಾತ್ಮ ಇನ್ನೂ ಅಲ್ಲೇ ಇದಾನಾ, ಮನೆ ಖಾಲಿ ಮಾಡಿದಾನಾ?"

ಶೌಕಿ ಕೂದಲಿನ ಮೇಲೆ ಕೈಯಾಡಿಸಿಕೊಂಡ. ಅದರಲ್ಲೇ ಝುಲಿಖಾಗೆ ಉತ್ತರ ಸಿಕ್ಕಿತು, ಹುಡುಗನ ಮೇಲೆ ಕನಿಕರವೂ ಬಂತು. ಕಳ್ಳನ ಮುಖ ಹೀಗಿರುವುದಿಲ್ಲ. ಇದು ಒಲೆಯ ಮೇಲೆ ಹಾಲಿಟ್ಟು ಮರೆತವನ ಮುಖ.

ನಡೆದದ್ದು ಏನೆಂದು ಅವಳು ಹೇಳಿದಳು. ಆ ಪುಣ್ಯಾತ್ಮ ಬೇಸತ್ತು ವಿಳಾಸವನ್ನು ಬಿಟ್ಟುಕೊಟ್ಟಿರಬೇಕು. ಖಾಲಿ ಬಿದ್ದ ವಿಳಾಸವನ್ನು ಯಾರು ಬೇಕಾದರೂ ತಮ್ಮ ಹೆಸರಿಗೆ ಮಾಡಿಕೊಳ್ಳಬಹುದು. ಹಾಗೆ ಯಾರೋ ಮಾಡಿಕೊಂಡಿದ್ದಾರೆ. ಕ್ಯಾಲೆಂಡರಿನ ಕೋಡನ್ನು ಇದ್ದ ಹಾಗೇ ಇಟ್ಟು, ಅದರ ಹೊಟ್ಟೆಯೊಳಗೆ ನಾಲ್ಕು ಸಾಲು ಸೇರಿಸಿದ್ದಾರೆ. ಆ ಸಾಲುಗಳ ಕೆಲಸ ಒಂದೇ, ಜುಲೈ ಒಂಬತ್ತರ ಹೆಸರನ್ನೂ ಅಕ್ಟೋಬರ್ ಒಂಬತ್ತರ ಹೆಸರನ್ನೂ ಪರದೆಯ ಮೇಲೆ ಅದಲುಬದಲು ಮಾಡುವುದು.

"ಅಂದ್ರೆ ನನ್ನ ಪಟ್ಟಿ ಸರಿಯಾಗೇ ಇತ್ತು?" ಎಂದ ಸಿ ತಾಯೆಬ್.

"ಒಂದು ಅಕ್ಷರನೂ ಅಲುಗಿಲ್ಲ. ನೀವು ನೋಡ್ತಿದ್ದ ಕನ್ನಡಿ ಮಾತ್ರ ಬೇರೆಯವರ ಕೈಲಿತ್ತು."

ಸಿ ತಾಯೆಬ್ ಅದನ್ನು ಅರಗಿಸಿಕೊಳ್ಳಲು ಎರಡು ತುಂಡು ಬಕ್ಲಾವಾ ಬೇಕಾಯಿತು. ಝುಲಿಖಾ ಪೊಟ್ಟಣ ಬಿಚ್ಚಿ ಮೇಜಿನ ಮೇಲಿಟ್ಟಿದ್ದಳು. ಮೂರನೆಯ ತುಂಡು ಕೈಗೆತ್ತಿಕೊಂಡು, ಹಾಗಾದರೆ ನೆಟ್ ವಾಪಸು ಬಂದ ಕೂಡಲೇ ಕಳ್ಳ ಕ್ಯಾಲೆಂಡರೂ ವಾಪಸು ಬರುತ್ತದಲ್ಲ ಎಂದು ಕೇಳಿದ. ಕುರ್ಚಿ ಎಣಿಸುವ ತಲೆಯಾದರೂ ಕೆಟ್ಟ ತಲೆಯಲ್ಲ.

ಬರಬಾರದು ಎಂದರೆ ಬಟ್ಟೆಯನ್ನು ಮನೆಯಲ್ಲೇ ಹೊಲಿದಿಟ್ಟುಕೊಳ್ಳಬೇಕು ಎಂದಳು ಝುಲಿಖಾ. ಲೈಬ್ರರಿಯ ಒಳ್ಳೆಯ ಪ್ರತಿ ತಂದು ತಮ್ಮ ಸರ್ವರಿನಲ್ಲೇ ಇಟ್ಟು, ಹೊರಗಿನ ವಿಳಾಸ ಬರೆದಿರುವ ಆ ಒಂದು ಸಾಲನ್ನು ಅಳಿಸಬೇಕು.

"ಈಗ ನೆಟ್ಟೇ ಇಲ್ಲ, ಎಲ್ಲಿಂದ ತರೋದು?" ಎಂದ ಶೌಕಿ. ಅದರಲ್ಲಿ ಸ್ವಲ್ಪ ಗೆಲುವೂ ಇತ್ತು.

ಝುಲಿಖಾ ಕೈಚೀಲದಿಂದ ಒಂದು ಹಳೆಯ ಡಿಸ್ಕ್ ತೆಗೆದಳು. ಅವಳ ಅಮ್ಮ ಪ್ರತಿ ಬೇಸಗೆಯಲ್ಲಿ ವರ್ಷಕ್ಕಾಗುವಷ್ಟು ಗೋಧಿ ರವೆಯ ಕುಸ್‌ಕುಸ್ ಉರುಟಿ, ಮಹಡಿಯ ಮೇಲೆ ಹಾಸಿ ಒಣಗಿಸಿ, ಬಟ್ಟೆಯ ಚೀಲದಲ್ಲಿ ಕಟ್ಟಿಡುತ್ತಿದ್ದಳು. ಟೊಮೆಟೊ, ಮೆಣಸು, ಪುದೀನ, ಎಲ್ಲವೂ ಸಾಲಾಗಿ. ಔಲಾ ಎಂದು ಅದಕ್ಕೆ ಹೆಸರು. ಔಲಾ ಇಲ್ಲದ ಮನೆಗೆ ಹೆಣ್ಣು ಕೊಡುತ್ತಿರಲಿಲ್ಲ. ಝುಲಿಖಾ ಕುಸ್‌ಕುಸ್ ಅನ್ನು ಅಂಗಡಿಯಿಂದ ತರುತ್ತಿದ್ದಳು, ಆದರೆ ಪ್ರತಿ ಮೇ ತಿಂಗಳಲ್ಲಿ, ಜೂನ್‌ನ ಪರೀಕ್ಷೆ ಬರುವ ಮೊದಲು, ತನ್ನ ಗಿರಾಕಿಗಳಿಗೆ ಬೇಕಾಗುವ ಲೈಬ್ರರಿಗಳನ್ನೆಲ್ಲ ಇಳಿಸಿ ಈ ಡಿಸ್ಕಿನಲ್ಲಿ ಕಟ್ಟಿಡುತ್ತಿದ್ದಳು.

"ನನ್ನ ಔಲಾ ಇದು," ಎಂದಳು. "ನಿನ್ನ ಕ್ಯಾಲೆಂಡರೂ ಇದೆ ಇದರಲ್ಲಿ, ಮೂರು ವರ್ಷದ ಹಿಂದಿಂದು. ಆಗ ಪುಣ್ಯಾತ್ಮ ಇನ್ನೂ ಮನೇಲೇ ಇದ್ದ."

ಶೌಕಿ ಡಿಸ್ಕನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಅವಳು ಕೀಲಿಮಣೆಯನ್ನು ಅವನ ಕಡೆಗೇ ತಳ್ಳಿದಳು. ಅವನ ಪುಟ, ಅವನೇ ಸರಿಮಾಡಲಿ. ಇಟ್ಟುಕೊಂಡರೆ ಸಾಲದು, ನೋಡಿಕೊಳ್ಳಬೇಕು ಎಂದು ಮಾತ್ರ ಎಚ್ಚರಿಸಿದಳು. ಔಲಾಕ್ಕೂ ಹುಳ ಬೀಳುತ್ತದೆ, ಆಗಾಗ ಬಿಸಿಲಿಗೆ ಹಾಕುತ್ತಿರಬೇಕು. ಹೊಸ ಪ್ರತಿ ಬಂದಾಗ ಓದಿ ನೋಡಿ ತರಬೇಕು. ಇನ್ನು ಮುಂದೆ ಆ ತಲೆನೋವು ಬೇರೆ ಯಾರದೂ ಅಲ್ಲ.

"ಆಯ್ತು ಖಾಲ್ತಿ," ಎಂದ ಶೌಕಿ. ಎಣ್ಣೆ ಹಚ್ಚಿದ ಜಾಣತನ ಅಷ್ಟು ಹೊತ್ತಿಗೆ ಇಳಿದುಹೋಗಿತ್ತು. ಅದಿಲ್ಲದ ಹುಡುಗ ಅವಳಿಗೆ ಹೆಚ್ಚು ಇಷ್ಟವಾದ.

ನಾಲ್ಕೂವರೆಗೆ ಬೀದಿಯ ಫೋನುಗಳು ಒಟ್ಟಿಗೆ ಬಾಯಿಬಿಟ್ಟವು. ಮೂವರೂ ಉಸಿರು ಹಿಡಿದು ಪುಟವನ್ನು ತೆರೆದರು. ಮಲ್ಲಿಗೆ ಬಳ್ಳಿ ಬಂತು, ನೀಲಿ ಬಂತು, ಚೌಕಗಳು ಬಂದವು. ಜುಲೈ ಒಂಬತ್ತರ ಚೌಕದಲ್ಲಿ ಬೂಶಮಾ. ಮತ್ತೆ ತೆರೆದರು, ಮತ್ತೆ ಬೂಶಮಾ. ಸಿ ತಾಯೆಬ್ ತನ್ನ ಫೋನಿನಲ್ಲಿ ನೋಡಿದ, ಕಾಫಿ ಅಂಗಡಿಯವನ ಫೋನಿನಲ್ಲಿ ನೋಡಿದ, ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಪೊಲೀಸಿನವನ ಫೋನನ್ನೂ ಇಸಿದುಕೊಂಡು ನೋಡಿದ.

ಆಮೇಲೆ ಝೆರ್ಗೀನ್ ಮನೆಗೆ ಫೋನ್ ಹಚ್ಚಿದ. ಆ ಮನೆಯ ಯಜಮಾನಿ ಜಗಳ ತೆಗೆಯುವಳೆಂದು ಹೆದರಿದ್ದ. ಆಕೆ ನಕ್ಕುಬಿಟ್ಟಳು. ತಾವು ಅಕ್ಟೋಬರ್‌ಗೇ ಹಿಡಿದಿದ್ದು, ಜುಲೈಗೆ ಬಂದದ್ದನ್ನು ದೇವರ ದಯೆ ಎಂದುಕೊಂಡು ಬಾಯಿ ಮುಚ್ಚಿಕೊಂಡಿದ್ದೆವು ಎಂದಳು. ಮದುಮಗಳಿಗೂ ಇನ್ನೂ ನಾಲ್ಕು ಕೆಜಿ ಇಳಿಸುವುದಿತ್ತಂತೆ.

ವಾರಕ್ಕೆ ಏಳು ಮದುವೆ ನೋಡಿಯೂ ಎಂದೂ ಕಾಲು ಕುಣಿಸದ ಸಿ ತಾಯೆಬ್, ಆ ಹೊತ್ತು ಗೋಡೆಗೆ ತೂಗುಹಾಕಿದ್ದ ತಮಟೆಯನ್ನು ಇಳಿಸಿಕೊಂಡು ನಾಲ್ಕು ಏಟು ಬಾರಿಸಿದ.

*

ತಪ್ಪೊಪ್ಪಿಗೆಗೆ ಬರಿಗೈಯಲ್ಲಿ ಹೋಗುವ ಪದ್ಧತಿ ಆ ಊರಿನಲ್ಲಿಲ್ಲ. ಸಿ ತಾಯೆಬ್ ನೀಲಿ ಕಾಗದ ಸುತ್ತಿದ ಸಕ್ಕರೆಯ ಗೋಪುರವೊಂದನ್ನು ಕೊಂಡು ಎದೆಗವಚಿಕೊಂಡು ಮುಂದೆ ನಡೆದ. ಹಿಂದೆ ಶೌಕಿ, ಅವನ ಹಿಂದೆ ಝುಲಿಖಾ. ಕಂದರದ ಮೇಲಿನ ಕಾಲುಸೇತುವೆ ಅವರ ಹೆಜ್ಜೆಗೆ ಮೆಲ್ಲಗೆ ತೂಗಿತು. ಕೆಳಗೆ ಕಾಗೆಗಳು ಗಾಳಿಯಲ್ಲಿ ಆಡುತ್ತಿದ್ದವು. ಝುಲಿಖಾಗೆ ಇಪ್ಪತ್ತು ವರ್ಷ ಚಿಕ್ಕವಳಾದಂತೆ ಅನಿಸಿತು.

ಉಳಿದಿದ್ದು ಒಂದೇ ಕೆಲಸ. ಸೇತುವೆಯ ನಡುವೆ ನಿಂತು ಫೋನು ತೆಗೆದಳು. ಯಾವ ವಿಳಾಸ ಯಾರ ಹೆಸರಿನಲ್ಲಿದೆ ಎಂದು ತೋರಿಸುವ ದಾಖಲೆ ಎಲ್ಲರಿಗೂ ತೆರೆದಿರುತ್ತದೆ. ಚಾಲಾಕಿಗಳು ಹೆಸರನ್ನು ಮುಚ್ಚಿಡುತ್ತಾರೆ. ಇಲ್ಲೂ ಮುಚ್ಚಿರುತ್ತದೆ ಎಂದೇ ಅಂದುಕೊಂಡು ಒತ್ತಿದಳು.

ಮುಚ್ಚಿರಲಿಲ್ಲ. ಮಾರ್ಚ್ ತಿಂಗಳಲ್ಲಿ ನೋಂದಣಿ, ಊರು ಕ್ಸಂತೀನಾ, ಹೆಸರು ಫೆಲ್ಲಾ ಬೂಶಮಾ.

ಅವಳು ಸೇತುವೆಯ ಕಂಬಿಯನ್ನು ಹಿಡಿದುಕೊಂಡಳು. ಶನಿವಾರದ ತರಗತಿಯಲ್ಲಿ ಮೊದಲ ಸಾಲಿನಲ್ಲಿ ಕೂರುವ ಫೆಲ್ಲಾ. ಒಮ್ಮೆ ಹೇಳಿದ್ದನ್ನು ಎರಡನೆಯ ಸಲ ಕೇಳದ ಫೆಲ್ಲಾ. ಪರರ ವಿಳಾಸಕ್ಕೆ ಕೈತೋರಿಸಿ ಬಿಟ್ಟ ಪುಟ ಎಷ್ಟು ಅಪಾಯ ಎಂದು ಫೆಬ್ರವರಿಯಲ್ಲಿ ಪಾಠ ಮಾಡಿದವಳು ತಾನೇ. ಹೆಸರು ಮುಚ್ಚಿಡುವುದು ಹೇಗೆ ಎನ್ನುವ ಪಾಠ ಮಾತ್ರ ಇನ್ನೂ ಆಗಿರಲಿಲ್ಲ, ಅದು ಮುಂದಿನ ಶನಿವಾರಕ್ಕಿತ್ತು.

ಆ ನಾಲ್ಕು ಸಾಲನ್ನು ಎಷ್ಟು ಅಚ್ಚುಕಟ್ಟಾಗಿ ಬರೆದಿದ್ದಳು ಹುಡುಗಿ. ಗಾಬರಿಯ ಒಳಗೇ ಝುಲಿಖಾಗೆ ಒಂದು ಹೆಮ್ಮೆ ಉಕ್ಕಿತು, ಅದಕ್ಕೆ ನಾಚಿಕೆಯೂ ಆಯಿತು. ತನ್ನ ಮದುವೆಯನ್ನು ತಾನೇ ಒಂದು ವರ್ಷ ಮುಂದಕ್ಕೆ ಕದ್ದೊಯ್ಯುವ ಮದುಮಗಳನ್ನು ಅವಳು ಕಂಡಿರಲಿಲ್ಲ.

"ಹೆಸರು ಸಿಕ್ತಾ ಖಾಲ್ತಿ?" ಎಂದು ಶೌಕಿ ತಿರುಗಿ ಕೇಳಿದ.

"ನಡಿ," ಎಂದಳು.

ಅಂಗಳದಲ್ಲಿ ಸುದ್ದಿ ಅವರಿಗಿಂತ ಮುಂಚೆಯೇ ಮುಟ್ಟಿತ್ತು. ಹನ್ನೆರಡು ನಾಲಿಗೆಗಳು ಒಟ್ಟಿಗೆ ಅಲುಗಿ ಝಗ್ರೀತ್‌ನ ಹರ್ಷದ ಕೂಗು ಗೋಡೆಯಿಂದ ಗೋಡೆಗೆ ಚಿಮ್ಮಿತು. ಹೂರಿಯಾ ತುಪ್ಪದ ಕೈಯಲ್ಲೇ ಝುಲಿಖಾಳನ್ನು ತಬ್ಬಿಕೊಂಡು ಅತ್ತಳು. ಅತ್ತೆಯ ಕಾಲಿಗೆ ಬೀಳುತ್ತೇನೆ ಎಂದಳು, ಬೀಳಲಿಲ್ಲ, ತಟ್ಟೆ ಒಲೆಯಲ್ಲಿತ್ತು. ಲಾಲ್ಲಾ ಬಹಿಯಾ ಕೋಲು ಊರಿಕೊಂಡೇ ಎರಡು ಸುತ್ತು ಕುಣಿದರು. ಸಿ ತಾಯೆಬ್ ಸಕ್ಕರೆಯ ಗೋಪುರವನ್ನು ಅವರ ಮುಂದಿಟ್ಟು, ನಿಮ್ಮ ಕಣ್ಣಿಗೆ ನನ್ನ ಸಲಾಂ ಎಂದ.

ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಹೆಂಗಸರ ಮುಂದೆ ತಪ್ಪೊಪ್ಪಿಕೊಂಡ ಗಂಡಸಿಗೆ ಕೂಡಲೇ ಇನ್ನೊಬ್ಬನ ತಪ್ಪು ಬೇಕಾಗುತ್ತದೆ. ಅವನು ಶೌಕಿಯ ಕಡೆ ತಿರುಗಿದ. ಆ ಹೊರಗಿನ ವಿಳಾಸ ಗೊತ್ತಿದ್ದದ್ದು ನಿನಗೊಬ್ಬನಿಗೆ ಎಂದ. ಖಾಲಿ ಬಿದ್ದಾಗ ನೀನೇ ಹಿಡಿದುಕೊಂಡು ಆಟ ಆಡಿದ್ದೀಯ ಎಂದ. ನಾಳೆಯಿಂದ ಈ ಊರಿನ ಒಂದು ಬೇಕರಿಯೂ ನಿನಗೆ ಪುಟ ಕಟ್ಟಲು ಕೊಡದ ಹಾಗೆ ಮಾಡುತ್ತೇನೆ ಎಂದ. ಕೂಗು ನಿಂತಿತು. ಹನ್ನೆರಡು ಜೊತೆ ಕಣ್ಣು ಹುಡುಗನ ಮೇಲೆ ಬಿತ್ತು. ಈ ಹನ್ನೆರಡು ಮಂದಿ ನಂಬಿದ್ದನ್ನು ಸಂಜೆಯೊಳಗೆ ಊರೇ ನಂಬುತ್ತದೆ.

"ಖಾಲ್ತಿ," ಎಂದ ಶೌಕಿ. ಮುಖ ಬಿಳಿಚಿತ್ತು. "ಸೇತುವೆ ಮೇಲೆ ದಾಖಲೆ ನೋಡಿದ್ರಿ. ನಾನಲ್ಲ ಅಂತ ನಿಮಗೆ ಗೊತ್ತು. ಹೇಳಿ."

ಝುಲಿಖಾ ಫೋನನ್ನು ಎದೆಗೆ ಒತ್ತಿಕೊಂಡಳು. ಹೇಳಿದರೆ ಹುಡುಗಿ ಹೋದಳು. ಸುಮ್ಮನಿದ್ದರೆ ಹುಡುಗ ಹೋದ.

"ಅವನನ್ನ ಬಿಡು ತಾಯೆಬ್," ಎಂದಿತು ಒಂದು ಶಾಂತವಾದ ದನಿ. ಲಾಲ್ಲಾ ಬಹಿಯಾ ಕೋಲನ್ನು ಮೊಣಕಾಲಿಗೆ ಒರಗಿಸಿ ಕುಳಿತಿದ್ದರು. "ಆ ವಿಳಾಸ ತಗೊಂಡೋಳು ನಾನು."

ಯಾರೋ ನಕ್ಕರು. ಮುದುಕಿಯ ಮುಖ ನೋಡಿ ನಗು ಅಲ್ಲೇ ಸತ್ತಿತು.

ಝುಲಿಖಾ ಬೆರಗಾಗಿ ನಿಂತಳು. ಮುದುಕಿಗೆ ಎಲ್ಲ ತಿಳಿದಿತ್ತು ಎಂದಾದರೆ ತನ್ನನ್ನು ಕರೆಸಿದ್ದು ಯಾಕೆ? ಅಥವಾ ಎಲ್ಲ ಹೊಳೆದದ್ದು ಇವತ್ತು ಮಧ್ಯಾಹ್ನ, ತಾನು ಮೊಮ್ಮಗಳ ಫೋನಿನ ಬಗ್ಗೆ ಕೇಳಿದಾಗಲೇ? ಅಷ್ಟರಲ್ಲಿ ಬೀದಿಬಾಗಿಲು ಸದ್ದಾಯಿತು. ಫೆಲ್ಲಾ ಬಂದು ನಿಂತಿದ್ದಳು. ಕೈಯಲ್ಲಿ ಉಡುಪಿನ ಗಂಟು ಇರಲಿಲ್ಲ. ಬೆರಳ ತುದಿಯಲ್ಲಿ ನೀಲಿ ಶಾಯಿ, ಮುಷ್ಟಿಯಲ್ಲಿ ಮಡಿಸಿದ ಒಂದು ಕಾಗದ. ಅದರ ಮೇಲಿದ್ದ ಅವಳ ಪುಟ್ಟ ಫೋಟೊ, ದೊಡ್ಡ ಮುದ್ರೆ ಇಷ್ಟು ದೂರಕ್ಕೂ ಕಾಣುತ್ತಿತ್ತು. ಬಕಲೋರಿಯಾ ಪರೀಕ್ಷೆಯ ಪ್ರವೇಶಪತ್ರ.

ಏಳು ವರ್ಷದ ಹಿಂದೆ ಶಾಲೆ ಬಿಟ್ಟ ಹುಡುಗಿ. ಫಲಿತಾಂಶ ಬರುವುದು ಜುಲೈ ಕೊನೆಗೆ. ಒಂಬತ್ತಕ್ಕೆ ಮದುವೆಯಾದವಳು ಆ ಹೊತ್ತಿಗೆ ಆರುನೂರು ಕಿಲೋಮೀಟರ್ ದೂರದ ಮರಳಿನ ಊರಿನಲ್ಲಿ ಅತ್ತೆಮನೆಯ ಕಾಫಿ ಸೋಸುತ್ತಿರುತ್ತಾಳೆ.

ಲಾಲ್ಲಾ ಬಹಿಯಾ ಬಾಗಿಲ ಕಡೆ ತಿರುಗಲಿಲ್ಲ. ಝುಲಿಖಾಳನ್ನೇ ನೋಡುತ್ತಿದ್ದರು.

"ಹೇಳು ಬೆಂತಿ. ನಿನ್ನ ಫೋನಲ್ಲಿರೋ ಹೆಸರು ನಂದೇ ತಾನೆ?"

ಸಿ ತಾಯೆಬ್ ಅವಳತ್ತ ಕೈ ಚಾಚಿದ. "ಮದಾಮ್ ಝುಲಿಖಾ, ಕೊಡಿ. ನಾನೇ ನೋಡ್ತೀನಿ."

ಝುಲಿಖಾಳ ಬೆರಳು ಫೋನಿನ ಮೇಲೆ ಬಿಗಿಯಾಯಿತು. ಬಾಗಿಲಲ್ಲಿದ್ದ ಹುಡುಗಿ ಎರಡು ಹೆಜ್ಜೆ ಒಳಗೆ ಬಂದಳು.

"ಅವರಿಗೆ ಕೊಡಬೇಡಿ ಖಾಲ್ತಿ," ಎಂದಳು ಫೆಲ್ಲಾ. "ನೀವೇ ಓದಿ. ಎಲ್ಲರಿಗೂ ಕೇಳೋ ಹಾಗೆ ಓದಿ."